ನೋವಿನ ಪಟ್ಟಿ

"ಬೇಗ ಪಟ್ಟಿ ಕಟ್ಕೋಮ್ಮ ವಾರಿಜಾ, ಬುದ್ಧಿಹಲ್ಲು ಪ್ರಾಣ ಹಿಂಡ್ತಿದೆ," ಎಂದು ರೋಗಿಯ ಕುರ್ಚಿಯಲ್ಲಿ ಒರಗಿದ್ದ ದಂತವೈದ್ಯ ಕಾಲೇಜಿನ ಪ್ರೊಫೆಸರ್ ನಂಜರಾಜಯ್ಯ ಗೋಗರೆದರು.

ಮರಗಟ್ಟಿಸುವ ಇಂಜೆಕ್ಷನ್ನಿನ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು. ಈಗ ರೋಗಿಯ ನೋವೆಲ್ಲ, ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತ ಪಿಜಿ ವಿದ್ಯಾರ್ಥಿಯ ದವಡೆಗೆ ಹರಿಯುತ್ತಿತ್ತು. ನಂಜರಾಜಯ್ಯನವರು ಹರಟೆ ಹೊಡೆಯುತ್ತ ರೋಗಿಗಳ ಮೂಳೆ ಒರಟಾಗಿ ಕೊರೆದಾಗಲೆಲ್ಲ ವಾರಿಜಾ ಕಣ್ಣೀರು ನುಂಗಿದ್ದಳು, ಅದೂ ಮೂರು ವರ್ಷ. "ತಡ್ಕೋಮ್ಮ, ಹಲ್ಲು ತಾನೇ?" ಎಂದು ಅವರು ನಗುತ್ತಿದ್ದರು.

"ಪಾಸಾದವರು ಪಟ್ಟಿ ಕಟ್ಕೋಬಾರ್ದು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ ಸರ್? ಬೆಳಿಗ್ಗೆ ತಾನೇ ನನ್ನನ್ನ ಪಾಸ್ ಮಾಡಿದ್ರಿ."

"ಹಾಗಾದ್ರೆ ಜೂನಿಯರ್ ಯಾರನ್ನಾದ್ರೂ ಕರಿಯೇ!"

"ಎಲ್ಲರಿಗೂ ರಜೆ ಕೊಟ್ಟು ಕಳಿಸ್ಬಿಟ್ಟೆ ಸರ್. ಪಾಪ, ನಿಮ್ಮ ಕೈಕೆಳಗೆ ನಿಂತೂ ನಿಂತೂ ಸೋತಿದ್ರು. ತಡ್ಕೊಳ್ಳಿ, ಹಲ್ಲು ತಾನೇ?"

ಪಟ್ಟಿಯನ್ನು ಮೊಳೆಗೆ ನೇತುಹಾಕಿ, ವಾರಿಜಾ ಡ್ರಿಲ್ ಆನ್ ಮಾಡಿದಳು.