ಹಪ್ಪಳದ ಡಬ್ಬಿ

"ಹಿಂದೆ ಯಾವಾಗಾದರೂ ಉಬ್ಬಸ ಬಂದದ್ದುಂಟಾ?"

ಡಾಕ್ಟರು ಕೇಳಿದ್ದು ಮಂಚದಲ್ಲಿ ಮಲಗಿದ್ದ ದಮಯಂತಿಯನ್ನು. "ಇಲ್ಲ, ಇಲ್ಲ" ಎಂದು ಮುಂದೆ ಬಿದ್ದು ಉತ್ತರ ಕೊಟ್ಟದ್ದು ಅವಳ ಅಮ್ಮ ದುಗ್ಗಮ್ಮ. ಮಂಚದ ಆಚೆ ಬದಿಯಲ್ಲಿ ಅತ್ತೆ ನಿಂತಿದ್ದರು. ಹೊದಿಕೆಯಡಿಯಲ್ಲಿ ಅಮ್ಮನ ಹೆಬ್ಬೆರಳು ಮಗಳ ಅಂಗೈಯನ್ನು ಒತ್ತಿತು. ಹೆಣ್ಣು ನೋಡಲು ಬಂದವರು ಕಾಯಿಲೆ ಕಸಾಲೆ ವಿಚಾರಿಸಿದ ದಿನವೂ ಹೀಗೆಯೇ ಒತ್ತಿತ್ತು.

ಪುತ್ತೂರಿನ ಆ ಡಾಕ್ಟರು ತಾಳ್ಮೆಯವರು. "ಗಡ್ಡೆ ತೆಗೆಯುವ ಮೊದಲು ಮದ್ದು ಮೂಸಿಸಿ ನಿದ್ದೆ ಬರಿಸುದು ಅಮ್ಮಾ. ಉಬ್ಬಸದವರಿಗೆ ಅದರಿಂದ ಉಸಿರು ಕಟ್ಟಿ ಜೀವವೇ ಹೋದೀತು. ಉಂಟಾದರೆ ಹೇಳಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವಾ. ಮುಚ್ಚಿಡಬೇಡಿ."

ಈಗಲಾದರೂ ಹೇಳುತ್ತಾಳೆ ಎಂದು ದಮಯಂತಿ ಅಮ್ಮನ ಮುಖ ನೋಡಿದಳು. ಅಮ್ಮ ನೋಡಿದ್ದು ಬೀಗಿತ್ತಿಯ ಮುಖವನ್ನು. "ನಮ್ಮ ಕುಟುಂಬದಲ್ಲೇ ಯಾರಿಗೂ ಇಲ್ಲ ಡಾಕ್ಟ್ರೇ."

"ಉಂಟು," ಎಂದರು ಅತ್ತೆ. "ನಮ್ಮ ಬೆಳ್ಳಾರೆ ಮನೆಗೆ ಬರುವಾಗಲೆಲ್ಲ ಇವರು ಹಪ್ಪಳದ ಡಬ್ಬಿಯ ಅಡಿಯಲ್ಲಿ ಆಡುಸೋಗೆ ಪುಡಿ ಅಡಗಿಸಿ ತರುದು ಮತ್ತೆ ಎಂತಕ್ಕೆ? ಉಬ್ಬಸಕ್ಕೇ ಅಲ್ವಾ? ಮದುವೆಯಾದ ತಿಂಗಳೇ ನನಗೆ ಗೊತ್ತಾಗಿದೆ. ಯಾವಾಗ ಬಾಯಿ ಬಿಡ್ತಾರೆ ಅಂತ ನೋಡ್ತಾ ಇದ್ದೆ, ಅಷ್ಟೆ."

ದುಗ್ಗಮ್ಮನ ತಲೆ ತಗ್ಗಿತು.

"ಹೌದಾ ಮಗಾ?" ಡಾಕ್ಟರು ದಮಯಂತಿಯನ್ನೇ ಕೇಳಿದರು.

ಹೊದಿಕೆಯಡಿಯಲ್ಲಿ ಅಮ್ಮನ ಹೆಬ್ಬೆರಳು ಇನ್ನೂ ಒತ್ತುತ್ತಲೇ ಇತ್ತು, ಇಲ್ಲ ಅನ್ನು, ಇಲ್ಲ ಅನ್ನು ಎಂದು.