ಸದ್ದು ಮಾಡದ ಡಬ್ಬಿ

ಡಬ್ಬಿ ಇನ್ನೂ ಗೋಡೆಯ ಮೇಲೇ ಇತ್ತು. ಅದರ ಹಸಿರು ದೀಪ ಉರಿಯುತ್ತಲೇ ಇತ್ತು.

"ಒಳಗ ಏನದ ನೋಡೂಣಂತ ಮಾಡಿದೆರಿ, ತೆಗೀಲಿಕ್ಕೇ ಬರಲಿಲ್ಲ," ಎಂದ ಮಚ್ಛೇಂದ್ರ. "ಇದ್ದಲ್ಲೇ ತೂಗು ಹಾಕೀನಿ. ನಾಳಿ ಪೊಲೀಸರಿಗೆ ಕೊಡಬೇಕು. ಅದಕ್ಕಿಂತ ಮೊದಲ ನೀವು ನೋಡ್ರಿ ಅಂತ ಫೋನ್ ಮಾಡಿದೆ."

ಸಂಘಪಾಲ ಚಪ್ಪಲಿ ಹೊರಗೆ ಬಿಟ್ಟು ಕೋಣೆಯೊಳಗೆ ಬಂದ. ಭಾಲ್ಕಿಯ ಸಣ್ಣ ಮನೆ. ಕಿಟಕಿಯ ಸಂದಿಗಳಿಗೆ ಹಳೆಯ ಸೀರೆಯ ಚೂರುಗಳನ್ನು ತುರುಕಿದ್ದರು, ಬಾಣಂತಿಗೆ ಗಾಳಿ ತಾಕಬಾರದೆಂದು. ಮಂಚದ ಕೆಳಗೆ ಕೆಂಡದ ಸಿಗಡಿ. ಅದರಲ್ಲಿ ಈಗ ಬರೀ ಬೂದಿ.

ಹೋದ ವಾರ ಮಚ್ಛೇಂದ್ರನ ಹೆಂಡತಿ ಸುಮನ ಅದೇ ಮಂಚದ ಮೇಲೆ ಮಲಗಿದವಳು ಏಳಲಿಲ್ಲ. ಕೆಂಡದ ವಿಷಗಾಳಿ, ಎಂದರು ಡಾಕ್ಟರು. ಎಣ್ಣೆ ತಿಕ್ಕಲು ಅಜ್ಜಿ ಕೂಸನ್ನು ಹೊರಗೆ ಎತ್ತಿಕೊಂಡು ಹೋಗಿದ್ದಳು. ಕೂಸು ಉಳಿಯಿತು.

ಆ ಗಾಳಿ ಹೆಚ್ಚಾದರೆ ಕೂಗಿ ಎಬ್ಬಿಸಬೇಕಾದ ಡಬ್ಬಿ ಅದು. ಕಂಡುಹಿಡಿದವನು ಔರಾದದ ಸಂಘಪಾಲ. ಆನ್‌ಲೈನಿನಲ್ಲಿ ವಿಡಿಯೊ ಹಾಕಿ, ಡಬ್ಬಿ ತಯಾರಾಗುವ ಮೊದಲೇ ಊರೂರಿನ ಜನರಿಂದ ಹಣ ಕೂಡಿಸಿ, ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಹಿಡಿದಿದ್ದ. ಕ್ರೌಡ್‌ಫಂಡಿಂಗ್ ಎಂಬ ಮಾತನ್ನು ಈ ಕಡೆಯ ಎಷ್ಟೋ ಮಂದಿ ಮೊದಲು ಕೇಳಿದ್ದು ಅವನ ಬಾಯಿಂದಲೇ. ವರ್ಷ ತುಂಬುವುದರೊಳಗೆ ಅಂಗಡಿಗಳಿಗೆ ನಕಲಿ ಬಂತು. ಅದೇ ಆಕಾರ, ಅದೇ ಬಣ್ಣ, ಬೆಲೆ ಮಾತ್ರ ಅರ್ಧ.

ಸಂಘಪಾಲ ಡಬ್ಬಿಯನ್ನು ಇಳಿಸಿದ. ಕೈಯಲ್ಲಿ ಹಿಡಿದ ಕೂಡಲೇ, "ನಕಲಿ," ಎಂದ. ಹೆಬ್ಬೆರಳಿನಿಂದ ಅಡಿಯಲ್ಲಿ ಒಂದು ಕಡೆ ಒತ್ತಿದ. ಅದು ಬಾಯಿ ಬಿಟ್ಟಿತು. ಒಳಗೆ ಬ್ಯಾಟರಿ ಇತ್ತು, ದೀಪ ಇತ್ತು. ಬೇರೇನೂ ಇರಲಿಲ್ಲ.

"ಇಷ್ಟೇ ಏನ್ರಿ?"

"ಇಷ್ಟೇ."

ಮಚ್ಛೇಂದ್ರ ಗೋಡೆ ಹಿಡಿದು ಕುಳಿತ. ಬಾಗಿಲಲ್ಲಿ ಅವನ ತಾಯಿ ಕೌಸಲ್ಯಾಬಾಯಿ ನಿಂತಿದ್ದಳು, ಹೆಗಲ ಮೇಲೆ ಕೂಸು.

"ಅಸಲಿ ನಮ್ಮ ಮನ್ಯಾಗ ಇತ್ತು ತಮ್ಮಾ," ಎಂದಳು ಆಕೆ. "ಇಂವ ನಿನ್ನ ವಿಡಿಯೊ ನೋಡಿ ಮೊದಲೇ ರೊಕ್ಕ ಕಟ್ಟಿದ್ದ. ನಾನೇ ಹಟ ಮಾಡಿ ವಾಪಸ್ ಕಳಿಸಿದೆ."

"ಯಾಕ್ರಿ ಅವ್ವಾ?"

"ಸಿಗಡಿ ಹಚ್ಚಿದ್ರ ಸಾಕು, ಒದರ್ತಿತ್ತು. ಕೂಸು ಬೆಚ್ಚಿ ಬೀಳ್ತಿತ್ತು. ಬಾಣಂತಿ ಕೋಣ್ಯಾಗ ಕೆಂಡ ಇಲ್ಲದ ನಡೀತದೇನು? ಡಬ್ಬೀನೇ ಕೆಟ್ಟದ್ದು ಬಂದದ ಅಂದ್ಕೊಂಡೆ. ನಾ ಐದು ಹಡದೀನಿ, ನನಗ ಯಾವ ಡಬ್ಬಿ ಬುದ್ಧಿ ಹೇಳಿತ್ತು ಅಂತ ಸೊಸಿಗಿ ನಗಾಡಿದೆ." ಕೂಸಿನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತು. "ಆಮ್ಯಾಲ ಬೀದರದಾಗ ಜೋಸೆಫನ ದುಕಾನದಾಗ ಇದು ಸಿಕ್ತು. ಭಾಳ ಶಾಣ್ಯಾ ಇತ್ತು. ಎಷ್ಟು ಕೆಂಡ ಇಟ್ರೂ ಹಸಿರು ದೀಪ ಹಚ್ಚಿಕೊಂಡು ಸುಮ್ಮ ಕೂಡ್ತಿತ್ತು."

"ಎಲ್ಲಾರೂ ಹಂಗೇ ಅಂತಾರ," ಎಂದ ಸಂಘಪಾಲ. "ಒದರೋದು ಕೆಟ್ಟದ್ದು, ಸುಮ್ಮನಿರೋದು ಚೊಲೋದು. ನನ್ನ ಮಾಲು ಅರ್ಧಕ್ಕರ್ಧ ವಾಪಸ್ ಬಂದದ."

"ಸುಮನಳ ಅಣ್ಣಂದಿರು ಬಂದಿದ್ರು," ಎಂದ ಮಚ್ಛೇಂದ್ರ, ತಲೆ ಎತ್ತದೆ. "ಅಗ್ಗದ್ದು ತಂದು ತಂಗೀನ ಕೊಂದಿ ಅಂತಾರ. ಕೂಸನ್ನ ಒಯ್ತಾರಂತ. ನಾಕು ಮಂದಿ ಮುಂದ ಹೇಳಿ ಹೋಗ್ಯಾರ. ಇದನ್ನ ಮಾಡಿದವ ಯಾರಂತ ಗೊತ್ತಾದ್ರ ನಾ ಅವರ ಮುಂದ ನಿಲ್ತೇನಿ. ಇಲ್ಲಂದ್ರ ಯಾವ ಬಾಯಿಲೆ ಬ್ಯಾಡ ಅನ್ನಲಿ?"

ಕೂಸು ಒಮ್ಮೆ ಬಿಕ್ಕಳಿಸಿತು.

"ಅಂವಗ ಗೊತ್ತಿರ್ತದೇನ್ರಿ, ಹಿಂಗ ಆಗ್ತದಂತ?" ಎಂದ ಮಚ್ಛೇಂದ್ರ.

"ಗೊತ್ತಿರ್ತದ," ಎಂದ ಸಂಘಪಾಲ. "ಆಗಲಿಕ್ಕಿಲ್ಲ ಅಂದ್ಕೊಂಡಿರ್ತಾನ."

"ಅಂವಗೂ ಮನಿ ಮಂದಿ ಇರ್ತಾರಲ್ಲ."

"ಇರ್ತಾರ."

ಅವನು ಡಬ್ಬಿಯ ಮುಚ್ಚಳ ಹಾಕಿದ. "ಪೊಲೀಸರಿಗೆ ಕೊಟ್ರ ಇದು ಎಲ್ಲೋ ಮೂಲ್ಯಾಗ ಬೀಳ್ತದ. ನನ್ನ ಕಡಿ ಕೊಡ್ರಿ. ಎಲ್ಲಿ ತಯಾರಾಗ್ಯದ ನೋಡ್ತೇನಿ. ಈ ಕೆಲಸದಾಗ ಇದ್ದವರಿಗಿ ತಿಳೀತದ."

ಮಚ್ಛೇಂದ್ರ ತಾಯಿಯ ಮುಖ ನೋಡಿದ. ಅವನ ಬಳಿ ಇದ್ದ ಸಾಕ್ಷಿ ಅದೊಂದೇ.

"ಕೊಡಪ್ಪಾ," ಎಂದಳು ಕೌಸಲ್ಯಾಬಾಯಿ. "ಪೊಲೀಸರಿಗಿ ಇದು ಪ್ಲಾಸ್ಟಿಕ್. ಇಂವನ ಹೊಟ್ಟಿಗಿ ಹತ್ತಿದ್ದು ಬ್ಯಾರೆ. ತಾ ಹುಟ್ಟಿಸಿದ್ದರ ಹೆಸರು ಕೆಡಿಸ್ಯಾರಲ್ಲ."

ಮಚ್ಛೇಂದ್ರ ಅದನ್ನು ಒಗೆದ ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟ. ಕೌಸಲ್ಯಾಬಾಯಿ ಚಹಾ ಕುಡಿಸದೆ ಬಿಡಲಿಲ್ಲ. ಸಂಘಪಾಲ ಕಪ್ಪು ಖಾಲಿ ಮಾಡಿದ, ಕೂಸಿನ ತಲೆ ಮುಟ್ಟಿದ, ಜೈಭೀಮ್ ಎಂದು ಇಳಿದು ಹೋದ. ಓಣಿಯ ತಿರುವಿನವರೆಗೂ ಮಚ್ಛೇಂದ್ರ ಬರಿಗಾಲಲ್ಲಿ ಅವನ ಜೊತೆ ನಡೆದ.

ಬಸ್ಸಿನಲ್ಲಿ ಬೀದರ. ಅಲ್ಲಿಂದ ಆಟೊ. ಕೊಳಾರದ ಶೆಡ್ಡಿಗೆ ಬಂದಾಗ ಇನ್ನೂ ಬಿಸಿಲಿತ್ತು. ವಾಪಸ್ ಬಂದ ಅಸಲಿ ಡಬ್ಬಿಗಳು ಒಂದು ಗೋಡೆಯುದ್ದಕ್ಕೂ ಮಾಡಿನವರೆಗೆ ಏರಿದ್ದವು. ಕೆಲಸದ ಹುಡುಗ ರೂಬೆನ ಒಂದು ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದ.

"ಜೋಸೆಫಣ್ಣ ಫೋನ್ ಮಾಡಿದ್ರಿ ಮಾಲಕರೆ," ಎಂದ ಅವನು. "ಆ ಸುಮ್ಮನಿರೋ ಮಾಲು ಮತ್ತೊಂದು ಪೆಟ್ಟಿ ಬೇಕಂತ. ಔರಾದದ ದುಕಾನದವರೂ ಕೇಳ್ಯಾರ."

ಸಂಘಪಾಲ ಕರವಸ್ತ್ರ ಬಿಚ್ಚಿ, ಒಳಗಿದ್ದುದನ್ನು ಒಡಕು ಪ್ಲಾಸ್ಟಿಕ್ ತುಂಬಿದ ಡ್ರಮ್ಮಿಗೆ ಎಸೆದ.

"ಜೋಸೆಫಗ ಕಳಿಸು," ಎಂದ. "ಔರಾದಕ್ಕ ಬ್ಯಾಡ. ನಮ್ಮ ತಂಗಿ ಬಾಣಂತನಕ್ಕ ಅಲ್ಲೇ ಬಂದಾಳ."