ಕಾಯಿನೀರು

ಟಪ್. ಮತ್ತೆ ಟಪ್. ನಡುರಾತ್ರಿ ಪೋರ್ಚಿನಲ್ಲಿ ಏನೋ ತೊಟ್ಟಿಕ್ಕುವ ಸದ್ದಿಗೆ ಧನಶ್ರೀ ಎದ್ದು ಬಂದಳು. ಗಂಡ ಮಿಲಿಂದನ ಹಳೆಯ, ನೀರಿನ ಮೇಲೆ ಓಡಿಸುವ ವಾಟರ್ ಸ್ಕೂಟರನ್ನು ಮೆಕ್ಯಾನಿಕ್ ಶಿವಯೋಗೀಶ ನಾಲ್ಕನೆಯ ಸಲ ರಿಪೇರಿ ಮಾಡಿ ಸಂಜೆಯಷ್ಟೇ ತಂದುಬಿಟ್ಟಿದ್ದ. ಹಿಂದಿನ ಮೂರು ಸಲವೂ ಅದು ಹಿನ್ನೀರಿನ ದಂಡೆಯಲ್ಲಿ ಚಾಲೂ ಆಗಿರಲೇ ಇಲ್ಲ.

ಟಾರ್ಚ್ ಹಿಡಿದು ಸೀಟು ಎತ್ತಿದಳು. ಸಂಜೆ ಪೂಜೆ ಮಾಡಿ ತಾನೇ ಎರೆದ ಕಾಯಿನೀರು ಸೀಟಿನಡಿ ನಿಂತು, ವೈರುಗಳ ಡಬ್ಬಿಯ ಬಿರುಕಿನೊಳಗೆ ಹನಿಯುತ್ತಿತ್ತು. ಡಬ್ಬಿಯ ಮೇಲೆ ಹಳೆಯ ಕಲೆಗಳು, ಒಣಗಿದ ಕುಂಕುಮ. ಈಜು ಬಾರದ ಗಂಡನಿಗೆ ಏನೂ ಆಗದಿರಲೆಂದು ಪ್ರತಿ ರಿಪೇರಿಯ ನಂತರವೂ ಅವಳು ಕಾಯಿ ಒಡೆದಿದ್ದಳು.

"ಯಾರದು?" ಒಳಗಿನಿಂದ ಮಿಲಿಂದ ಕೂಗಿದ.

"ನಾನ್ರೀ. ಬೆಕ್ಕು ಬಂದಿತ್ತು."

"ಬೆಕ್ಕಿಗಾದ್ರೂ ಆ ಗಾಡಿ ಚಾಲೂ ಮಾಡಾಕ ಬರತೈತೇನು ಕೇಳು! ನಾಳೆ ದಂಡಿಮ್ಯಾಲ ಮತ್ತ ಕೈಕೊಡ್ತಂದ್ರ, ಆ ಶಿವಯೋಗೀಶ ಕಳ್ಳ ಅಂತ ಹುಬ್ಬಳ್ಳಿ ತುಂಬ ಸಾರ್ತೇನಿ. ಅವನ ಗ್ಯಾರೇಜ್ ಮುಚ್ಚಸ್ತೇನಿ."

ಸಂಜೆ ಶಿವಯೋಗೀಶ, "ಈ ಸಲ ಖರೇನ ಛಲೋ ಮಾಡೇನ್ರಿ ವೈನಿ," ಎಂದು ಕೈಮುಗಿದಿದ್ದ. ಧನಶ್ರೀ ಡಬ್ಬಿ ಒರೆಸಲು ಸೆರಗು ಎತ್ತಿದಳು. ಒರೆಸಿದರೆ ನಾಳೆ ಗಾಡಿ ಚಾಲೂ ಆಗಿ ಮಿಲಿಂದ ನೀರಿಗಿಳಿಯುತ್ತಾನೆ. ಸೆರಗು ಕೈಯಿಂದ ಜಾರಿತು. ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಅವಳು ಸೀಟನ್ನು ಸದ್ದಾಗದಂತೆ ಮುಚ್ಚಿದಳು.